ಹಲ್ಲು ಸರಿ, ಬಾಯಿ ಬೇರೆ

“ಅದು ಬುಟ್ಟಿಗೆ ಬಿತ್ತೋ, ನಾನು ಈ ರೂಮಿಂದ ಆಚೆ ಹೋಗಲ್ಲ ಸಾರ್. ಈಗ್ಲೇ ಹೇಳಿದೀನಿ!”

ಡಾಕ್ಟರ್ ಮಧುಸೂದನರ ಕೈ ಕಸದ ಬುಟ್ಟಿಯ ಮೇಲೆಯೇ ನಿಂತಿತು. ಎರಡು ಬೆರಳ ನಡುವೆ ಲೋಹದ ಕಟ್ಟಿನ ಹಲ್ಲಿನ ಸೆಟ್ಟು. ನಾಲ್ಕೇ ನಾಲ್ಕು ಹಲ್ಲು, ಯಾರ ಹಂಗೂ ಇಲ್ಲದಂತೆ ಹೊಳೆಯುತ್ತಿದ್ದವು.

ಬಾಗಿಲಲ್ಲಿ ನಿಂತಿದ್ದವಳು ರುಬೀನಾ. ಭದ್ರಾವತಿ ನ್ಯೂ ಟೌನಿನಲ್ಲಿ ಹಲ್ಲು ಮಾಡಿಕೊಡುವ ಲ್ಯಾಬಿನ ಬಾಬು ಸಾಬರ ಮಗಳು. ತಲೆಯ ಮೇಲೆ ಇನ್ನೂ ಹೆಲ್ಮೆಟ್, ಕೈಯಲ್ಲಿ ಮೂರು ಡಬ್ಬದ ಟಿಫನ್ ಕ್ಯಾರಿಯರ್. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಸ್ಕೂಟರಿನಲ್ಲಿ ಒಂದೇ ಉಸಿರಿಗೆ ಬಂದಿದ್ದಳು.

“ಊಟ ತಂದ್ಯೇನಮ್ಮ ನಮಗೆ?” ಡಾಕ್ಟರು ನಕ್ಕರು.

“ತಂದೀನಿ ಸಾರ್. ಜೀರ್ಣ ಆಗೋದು ಬಿಡೋದು ನಿಮ್ಮ ಹೊಟ್ಟೆಗೆ ಬಿಟ್ಟಿದ್ದು.”

ಜನವರಿಯಲ್ಲಿ ಅಳತೆ ಕೊಟ್ಟು ಇಂಗ್ಲೆಂಡಿಗೆ ಹೋಗಿ, ಈಗ ಮತ್ತೆ ಬಂದ ಭವಾನಿ ಎಂಬ ನಿವೃತ್ತ ನರ್ಸಿನ ಬಾಯಿಗೆ ಬಾಬು ಸಾಬರು ಮಾಡಿದ ಹಲ್ಲು ಕೂರಲಿಲ್ಲ ಅನ್ನುವ ವಿಡಿಯೋ ಮೂರು ದಿನದಿಂದ ಊರಿನ ಮೊಬೈಲುಗಳನ್ನೆಲ್ಲ ಸುತ್ತುತ್ತಿತ್ತು. ವಿಡಿಯೋ ತೆಗೆದವನು ಆಕೆಯ ಅಣ್ಣನ ಮಗ ಗಣೇಶ. ಈಗಲೂ ಅವನು ಕುರ್ಚಿಯ ಪಕ್ಕದಲ್ಲಿ ಫೋನ್ ಎತ್ತಿ ಹಿಡಿದೇ ನಿಂತಿದ್ದ. ಲೈವ್ ಅಂತೆ.

ಕುರ್ಚಿಯಲ್ಲಿ ಒರಗಿದ್ದ ಹೆಂಗಸಿಗೆ ಅರವತ್ತು ದಾಟಿತ್ತು. ಎದೆಯ ಮೇಲೆ ಹಸಿರು ಬಟ್ಟೆ. ಕಣ್ಣು ಮೇಲಿನ ಲೈಟಿನಲ್ಲಿ ನೆಟ್ಟಿತ್ತು. ಅವಳ ತಲೆಯ ಹಿಂದೆ ಜೂನಿಯರ್ ಡಾಕ್ಟರ್ ಸಂಘಮಿತ್ರಾ, ತುಟಿಯ ಮೇಲೊಂದು ಅಳತೆಯ ನಗು. ವಿಡಿಯೋದಲ್ಲಿ “ಇದು ಲ್ಯಾಬಿನ ತಪ್ಪು” ಎಂದು ಮೊದಲು ಹೇಳಿದ್ದು ಅವಳೇ. ಆ ದಿನ ಮಧುಸೂದನರು ಸಾಗರದ ದಂತ ಶಿಬಿರಕ್ಕೆ ಹೋಗಿದ್ದರು.

“ನೋಡು ರುಬೀನಾ,” ಡಾಕ್ಟರು ಹಲ್ಲನ್ನು ಟ್ರೇಯಲ್ಲಿಟ್ಟರು. “ನಿಮ್ಮಪ್ಪನ ಮೇಲೆ ನನಗೆ ದ್ವೇಷ ಇಲ್ಲ. ಆದ್ರೆ ಹೊರಗೆ ಹಾಲಲ್ಲಿ ನೋಡು. ದುಬೈಯಿಂದ ಬಂದವರಿದಾರೆ, ಆಸ್ಟ್ರೇಲಿಯಾದವರಿದಾರೆ. ಅಲ್ಲಿ ಎರಡು ಹಲ್ಲು ಹಾಕಿಸೋ ಖರ್ಚಲ್ಲಿ ಇಲ್ಲಿ ಬಾಯಿಪೂರ್ತಿ ಹಾಕಿಸ್ಕೊಂಡು, ಜೋಗ ನೋಡ್ಕೊಂಡು ಹೋಗ್ತಾರೆ. ಏರ್‌ಪೋರ್ಟಿಂದ ಕಾರು, ತಂಗೋಕೆ ಹೊಳಲೂರಲ್ಲಿ ಹೊಳೆ ದಂಡೆ ಮನೆ, ನೋಡ್ಕೊಳ್ಳೋಕೆ ಅಲ್ಲೇ ಉಳ್ಕೊಂಡಿರೋ ಸಂಘಮಿತ್ರಾ. ಇಷ್ಟೆಲ್ಲ ಕಟ್ಟಿದ ಹೆಸರು ನಾಲ್ಕು ಹಲ್ಲಿಗೆ ಹೋಗ್ಬೇಕಾ? ಇವತ್ತು ನಾಲ್ಕು ಗಂಟೆಗೆ ಡಾಕ್ಟರ್‌ಗಳ ಮೀಟಿಂಗ್ ಇದೆ. ಬಾಬು ಸಾಬರಿಗೆ ಇನ್ಮೇಲೆ ಯಾರೂ ಕೆಲಸ ಕಳಿಸಲ್ಲ. ಅಷ್ಟೇ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ. ರುಬೀನಾಳ ಕಿವಿ ಬಿಸಿಯಾಯಿತು. ಅವಳ ಬ್ಯಾಗಿನಲ್ಲಿ ಒಂದು ಸ್ಕ್ರೂಡ್ರೈವರ್ ಇತ್ತು. ಅದು ನೆನಪಾದಷ್ಟೂ ಬಿಸಿ ಏರುತ್ತಿತ್ತು.

ಬೆಳಿಗ್ಗೆ ಅವಳು ಎದ್ದು ಬಂದಾಗ ಬಾಬು ಸಾಬರು ಸ್ಟೂಲ್ ಹತ್ತಿ ಲ್ಯಾಬಿನ ಬೋರ್ಡು ಬಿಚ್ಚುತ್ತಿದ್ದರು. ಎರಡು ಸ್ಕ್ರೂ ಆಗಲೇ ಬಾಯಲ್ಲಿ ಕಚ್ಚಿಕೊಂಡಿದ್ದರು.

“ಏನ್ ಮಾಡ್ತಿದೀರ ಅಬ್ಬಾ?”

“ಅವರು ಬಿಚ್ಚಿಸೋಕೆ ಮುಂಚೆ ನಾವೇ ಬಿಚ್ಚಿದ್ರೆ ಇಜ್ಜತ್ತು ಬೇಟಾ. ಡಾಕ್ಟರು ಬಾಯಿ ನೋಡಿದವರು. ನಾನು ಬರೀ ಅಚ್ಚು ನೋಡಿದವನು.”

“ಅಚ್ಚು ಸುಳ್ಳು ಹೇಳುತ್ತಾ?”

ಬಾಬು ಸಾಬರು ಮೂರನೇ ಸ್ಕ್ರೂಗೆ ಕೈ ಹಾಕಿದರು. ರುಬೀನಾ ಅವರ ಕೈಯಿಂದ ಸ್ಕ್ರೂಡ್ರೈವರ್ ಕಿತ್ತು ಬ್ಯಾಗಿಗೆ ಹಾಕಿಕೊಂಡಳು. “ಸಂಜೆ ನಾನೇ ತಂದು ಆ ಎರಡೂ ಸ್ಕ್ರೂ ಹಾಕ್ತೀನಿ. ಅಲ್ಲೀತನಕ ಬೋರ್ಡು ವಾರೆಯಾಗೇ ನೇತಾಡ್ಲಿ.”

ಬಾಬು ಸಾಬರು ಮೊದಲು ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ, ಎರಕ ಹೊಯ್ಯುವ ಫೌಂಡ್ರಿಯಲ್ಲಿ ಅಚ್ಚು ಕಟ್ಟುತ್ತಿದ್ದವರು. ಅಲ್ಲಿ ಒಂದು ರೂಢಿ. ಪ್ರತಿ ಎರಕಕ್ಕೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ತುಂಡು ತೆಗೆದಿಡಬೇಕು. ನಾಳೆ ಎಲ್ಲೋ ಮುರಿದರೆ ತಪ್ಪು ಯಾರದು ಅಂತ ಆ ತುಂಡು ಹೇಳುತ್ತದೆ. ದೊಡ್ಡ ಕುಲುಮೆ ಬಿಟ್ಟು ಹಲ್ಲಿನ ಪುಟ್ಟ ಕುಲುಮೆಗೆ ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ಕ್ಲಿನಿಕ್ಕಿನಿಂದ ಯಾವ ಬಾಯಿಯ ಅಳತೆ ಬಂದರೂ ಎರಡು ಅಚ್ಚು ಎರೆಯುವುದು. ಒಂದು ಕೆಲಸಕ್ಕೆ, ಒಂದು ಸಾಕ್ಷಿಗೆ. ಎರಡರ ತಳಕ್ಕೂ ಒಂದೇ ನಂಬರು. ಹಿಂದಿನ ರೂಮಿನ ತುಂಬ ಊರವರ ಬಾಯಿಗಳ ಮೂಟೆ.

“ಈ ಮನೇಲಿ ಅಕ್ಕಿಗಿಂತ ಹಲ್ಲೇ ಜಾಸ್ತಿ,” ಎಂದು ಅಮ್ಮಿ ಅಖ್ತರ್ ಬೀ ದಿನಕ್ಕೊಮ್ಮೆ ಗೊಣಗುತ್ತಿದ್ದಳು.

ರುಬೀನಾ ಭವಾನಿಯವರ ಮುಖ ನೋಡಿದವಳಲ್ಲ. ಆದರೆ ಅವರ ಬಾಯಿ ಅವಳಿಗೆ ತನ್ನ ಅಂಗೈಯಷ್ಟೇ ಪರಿಚಯ. ಜನವರಿಯಲ್ಲಿ ಡಾಕ್ಟರು ಕಳಿಸಿದ ಅಳತೆಯಿಂದ ಎರೆದ ಅಚ್ಚು, ನಂಬರ್ ೩೧೧೭. ಅದರ ಮೇಲೆ ಹಲ್ಲಿಟ್ಟಾಗ ಟಕ್ಕೆಂದು ಕೂತಿತ್ತು, ಡಬ್ಬಕ್ಕೆ ಮುಚ್ಚಳ ಕೂತ ಹಾಗೆ. ನಾಲ್ಕು ತಿಂಗಳಾದ ಮೇಲೆ ಅದೇ ಬಾಯಿಗೆ ಕೂರಲಿಲ್ಲ ಅಂದರೆ?

ಆಮೇಲೆ ಅವಳು ಗಣೇಶನ ವಿಡಿಯೋವನ್ನೇ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದ್ದಳು. ಹೆಂಗಸು ಬಾಯಿ ಅಗಲಿಸಿದ ಒಂದು ಕ್ಷಣ. ಮೇಲಂಗುಳ ಕಂಡಿತ್ತು.

ನೋಡಿದವಳೇ ಕ್ಯಾರಿಯರ್ ಎತ್ತಿಕೊಂಡು ಹೊರಟಿದ್ದಳು.

“ಸಾರ್, ಹಲ್ಲು ತಪ್ಪಿಲ್ಲ,” ರುಬೀನಾ ಹೆಲ್ಮೆಟ್ ತೆಗೆದು ಸ್ಟೂಲಿನ ಮೇಲಿಟ್ಟಳು. “ಬಾಯಿ ಬೇರೆ.”

ಗಣೇಶನ ಫೋನು ಅವಳತ್ತ ತಿರುಗಿತು. “ಏನಂದೆ?”

“ಗಣೇಶಣ್ಣ, ಒಂದು ಕೆಲಸ ಮಾಡಿ. ನಾಲಗೆ ತುದೀನ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಹಚ್ಚಿ. ಏಣು ಏಣು ಸಿಗುತ್ತಾ?”

ಗಣೇಶನಿಗೆ ಸಿಟ್ಟು ಬಂದಿತ್ತು. ಆದರೂ ನಾಲಗೆ ತಾನಾಗಿ ಮೇಲೆ ಹೋಯಿತು. “ಹೂಂ. ಏನೀಗ?”

“ಹೊಳೆ ಮರಳಲ್ಲಿ ನೀರು ಗೆರೆ ಬಿಟ್ಟು ಹೋಗಿರುತ್ತಲ್ಲ, ಹಂಗೆ. ಒಬ್ಬರದಿದ್ದ ಹಂಗೆ ಇನ್ನೊಬ್ಬರದಿರಲ್ಲ, ಹೆಬ್ಬೆಟ್ಟಿನ ಗುರುತಿನ ಹಂಗೇ. ಹಲ್ಲೆಲ್ಲ ಉದುರಿದ್ರೂ ಅದು ಅಳಿಸಲ್ಲ. ಬೇಕಾದ್ರೆ ಡಾಕ್ಟರ್ ಸಾರನ್ನೇ ಕೇಳಿ.”

ತೆರೆದ ಬಾಗಿಲಾಚೆ ಹಾಲಿನಲ್ಲಿ ಕಿವಿ ನಿಮಿರಿಸಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಕೆನ್ನೆಯೊಳಗೆ ನಾಲಗೆ ಆಡಿಸತೊಡಗಿದರು. ದುಬೈಯಿಂದ ಬಂದ ಅಜ್ಜ ಕಣ್ಣು ಮುಚ್ಚಿಕೊಂಡು, ಕಳೆದುಹೋದದ್ದನ್ನು ಹುಡುಕುವವನಂತೆ ಹುಡುಕುತ್ತಿದ್ದ.

ರುಬೀನಾ ಕ್ಯಾರಿಯರಿನ ಮೊದಲ ಡಬ್ಬ ತೆಗೆದಳು. ಬಟ್ಟೆಯಲ್ಲಿ ಸುತ್ತಿದ ಹಳದಿ ಪ್ಲಾಸ್ಟರಿನ ಅಚ್ಚು. ಅಂಗುಳದ ಜಾಗದಲ್ಲಿ ಎಡಕ್ಕೆ ಮೂರು ಗೆರೆ, ಬಲಕ್ಕೆ ನಾಲ್ಕು. ಬಲಗಡೆಯ ಎರಡನೆಯದು ಕವಲೊಡೆದಿತ್ತು.

“ಇದು ಜನವರಿ ಬಾಯಿ. ನಿಮ್ಮ ವಿಡಿಯೋದಲ್ಲಿರೋ ಬಾಯಲ್ಲಿ ಈ ಕವಲಿಲ್ಲ.”

“ನಮ್ಮತ್ತೇನೇ ಅಲ್ಲ ಅಂತೀಯಾ?” ಗಣೇಶನ ದನಿ ಮೇಲೇರಿತು.

“ಅತ್ತೆ ವಿಷಯ ನಂಗೊತ್ತಿಲ್ಲ. ಬಾಯಿ ವಿಷಯ ಗೊತ್ತು. ನೀವು ಅವರನ್ನ ಇದಕ್ಕೆ ಮುಂಚೆ ನೋಡಿದ್ದು ಯಾವಾಗ?”

“ಯಾವಾಗ ಅಂದ್ರೆ... ನಾನು ಒಂದನೇ ಕ್ಲಾಸಲ್ಲಿ...”

“ಜನವರೀಲಿ?”

“ಜನವರೀಲಿ ನಾನು ಗೋವಾದಲ್ಲಿದ್ದೆ. ಫೋನಲ್ಲಿ ಮಾತಾಡ್ತಿದ್ವಿ. ಅತ್ತೆಗೆ ವಿಡಿಯೋ ಕಾಲ್ ಇಷ್ಟ ಇಲ್ಲ...” ಮಾತು ಅಲ್ಲೇ ತೊಡರಿತು. ಅವನು ಕುರ್ಚಿಯತ್ತ ನೋಡಿದ. ಹೆಂಗಸು ಲೈಟಿನಿಂದ ಕಣ್ಣು ಕೀಳಲಿಲ್ಲ.

“ಸಾಕು!” ಡಾಕ್ಟರು ಮುಂದೆ ಬಂದರು. “ಸೋಮವಾರ ಈಕೆ ಗಾಂಧಿ ಬಜಾರಿನ ತಮ್ಮ ಹಳೇ ಮಳಿಗೆನ ನಮ್ಮ ಹೊಸ ಆಸ್ಪತ್ರೆಗೆ ಬರೆದುಕೊಡ್ತಿದಾರೆ. ಅಂಥವರಿಗೆ ಹೀಗಾ ಮಾತಾಡೋದು? ಕೊಡಿಲ್ಲಿ ಅದನ್ನ.”

ಓಹೋ, ಎಂದಿತು ರುಬೀನಾಳ ಮನಸ್ಸು. ಸೋಮವಾರ ಸಹಿ ಹಾಕೋಕೆ ಒಬ್ಬ ಭವಾನಿ ಬೇಕು.

ಗಣೇಶ ಒಂದು ಕಡೆಯಿಂದ ಕೈ ಚಾಚಿದ, ಡಾಕ್ಟರು ಇನ್ನೊಂದು ಕಡೆಯಿಂದ. ಹಿಂದಿನಿಂದ ಯಾರದೋ ತೋಳು ತಾಗಿತು. ಅಚ್ಚು ಅವಳ ಕೈಯಿಂದ ಹಾರಿ ನೆಲಕ್ಕೆ ಬಿದ್ದು ಚೂರಾಯಿತು. ಹಳದಿ ಪುಡಿ ಮೊಣಕಾಲೆತ್ತರಕ್ಕೆ ಎದ್ದಿತು.

ಹಾಲಿನಲ್ಲಿ ಕೂತವರು ಎದ್ದು ನಿಂತರು.

“ಅಯ್ಯೋ,” ಎಂದಳು ಸಂಘಮಿತ್ರಾ. ಬಗ್ಗಿ ಚೂರುಗಳನ್ನು ಬೇಗಬೇಗ ಟ್ರೇಗೆ ಬಾಚಿದಳು. “ನೋಡ್ಕೊಂಡು ಹಿಡ್ಕೋಬಾರ್ದಾ ರುಬೀನಾ?”

“ಮುಗೀತಲ್ಲ,” ಡಾಕ್ಟರು ಕೈ ಕೊಡವಿದರು. “ಇನ್ನೇನು ತೋರಿಸ್ತೀಯ?”

ರುಬೀನಾಗೆ ನಗು ಬಂತು. ಬರಬಾರದ ಹೊತ್ತಿನಲ್ಲಿ ಬರುವ ನಗು ಅವಳದ್ದು, ಸ್ಕೂಲಿನಲ್ಲೂ ಅದಕ್ಕೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. “ಸಾರ್, ನಮ್ಮ ಅಬ್ಬ ಫೌಂಡ್ರಿಯವರು. ಯಾವುದನ್ನೂ ಒಂದೇ ಎರೆಯಲ್ಲ.”

ಎರಡನೇ ಡಬ್ಬ ತೆಗೆದಳು. ಅದೇ ಹಳದಿ, ಅದೇ ಕವಲು, ತಳದಲ್ಲಿ ಅದೇ ೩೧೧೭.

ಹಾಲಿನಿಂದ ಯಾರೋ ಸಿಳ್ಳೆ ಹಾಕಿದರು. ಗಣೇಶ ಬಾಯಿ ತೆರೆದು ನೋಡುತ್ತಿದ್ದ. “ಮೂರನೇ ಡಬ್ಬದಲ್ಲೂ ಇದೆಯಾ?”

“ಅದ್ರಲ್ಲಿ ನಿಜವಾಗ್ಲೂ ಊಟ. ಅಮ್ಮಿ ಕಟ್ಟಿಕೊಟ್ಟ ಖುಷ್ಕಾ.”

ನಗು ಆರುವ ಮೊದಲೇ ರುಬೀನಾ ಕುರ್ಚಿಯ ಹತ್ತಿರ ಹೋದಳು. “ಅಮ್ಮ, ಒಂದು ಸಲ ಬಾಯಿ ತೆಗೀತೀರಾ?”

ಹೆಂಗಸು ಡಾಕ್ಟರನ್ನು ನೋಡಿದಳು, ಸಂಘಮಿತ್ರಾಳನ್ನು ನೋಡಿದಳು. ಆಮೇಲೆ ಏನನ್ನಿಸಿತೋ, ಬಾಯಿ ತೆರೆದಳು.

ಮೇಲೆ ನಾಲ್ಕು ಹಲ್ಲಿರಲಿಲ್ಲ. ಅಚ್ಚಿನಲ್ಲಿ ಇಲ್ಲದ ಅದೇ ನಾಲ್ಕು. ಆದರೆ ಒಸಡು?

“ಸಾರ್, ಜನವರೀಲಿ ಕಿತ್ತ ಹಲ್ಲಿನ ಜಾಗ ಇಷ್ಟೊತ್ತಿಗೆ ಡಾಂಬರು ಹಾಕಿದ ರೋಡಿನ ಹಂಗಿರಬೇಕು. ಇದು ಇನ್ನೂ ಗುಂಡಿ. ಕೆಂಪಗಿದೆ. ತಿಂಗಳೂ ಆಗಿಲ್ಲ.”

ಡಾಕ್ಟರು ಬಗ್ಗಿ ನೋಡಿದರು. ನೇರವಾದಾಗ ಅವರ ಮುಖದ ಬಣ್ಣ ಸ್ವಲ್ಪ ಇಳಿದಿತ್ತು. “ಜನವರೀಲಿ ನಾನು ಒಂದೇ ಸಲ ನೋಡಿದ್ದು, ಮುಖ ನೆನಪಿಲ್ಲ. ಸಕ್ಕರೆ ಕಾಯಿಲೆ ಇದ್ರೆ ನಿಧಾನಕ್ಕೆ ಮಾಯುತ್ತೆ,” ಎಂದರು. ದನಿಯಲ್ಲಿ ಹಿಂದಿನ ಗತ್ತಿರಲಿಲ್ಲ. “ಮತ್ತೆ, ಯಾವ ನಾಲ್ಕು ಹಲ್ಲು ಇಲ್ಲ ಅನ್ನೋದು ಅಚ್ಚು ಇಟ್ಕೊಂಡಿರೋ ನಿಮಗೂ ಗೊತ್ತಿತ್ತಲ್ಲ? ನಾಳೆ ಪೊಲೀಸರು ಕೇಳಿದ್ರೆ ಏನು ಹೇಳ್ತೀಯ?”

“ನಮಗೂ ಗೊತ್ತಿತ್ತು, ನಿಮ್ಮ ಕ್ಲಿನಿಕ್ಕಿಗೂ ಗೊತ್ತಿತ್ತು. ಆದ್ರೆ ಹಲ್ಲು ಕೀಳೋ ಇಕ್ಕಳ ನಮ್ಮನೇಲಿಲ್ಲ ಸಾರ್.”

ಅವಳು ಗಣೇಶನ ಫೋನಿನತ್ತ ತಿರುಗಿದಳು. ಮಾತು ಕಡ್ಡಿ ಮುರಿದಂತೆ ಬಂತು.

“ಎಲ್ಲರೂ ನೋಡ್ತಿದೀರಲ್ಲ, ನೋಡಿ. ಈಗ, ಇಲ್ಲೇ, ಇವರ ಮೇಲಿನ ಬಾಯಿ ಅಳತೆ ತೆಗೀಲಿ. ನಿಮ್ಮೆದುರೇ ಅಚ್ಚು ಎರೀತೀನಿ. ಎರಡೂ ಒಂದೇ ಆದ್ರೆ ನಮ್ಮ ಲ್ಯಾಬಿನ ಬೀಗದ ಕೈ ಈ ಟೇಬಲ್ ಮೇಲಿಟ್ಟು ಹೋಗ್ತೀನಿ. ಬೇರೆ ಆದ್ರೆ, ನಾಲ್ಕು ಗಂಟೆ ಮೀಟಿಂಗಲ್ಲಿ ಡಾಕ್ಟರ್ ಸಾರು ಎದ್ದು ನಿಂತು ‘ಬಾಬು ಸಾಬರು ಮಾಡಿದ್ದು ಸರಿ’ ಅಂತ ಹೇಳ್ಬೇಕು.”

“ತೆಗೀರಿ ಸಾರ್!” ಹಾಲಿನಿಂದ ಕೂಗು ಬಂತು. “ನೋಡೇಬಿಡೋಣ!”

ಮಧುಸೂದನರು ಕೈಗವಸಿಗೆ ಕೈ ಹಾಕಿದರು. “ನಾನೇ ತೆಗೀತೀನಿ.”

“ನೀವು ಬೇಡ ಸಾರ್. ಸೋಮವಾರದ ಮಳಿಗೆ ನಿಮ್ಮದು. ನಾನೂ ಬೇಡ, ಲ್ಯಾಬು ನಮ್ಮದು.” ರುಬೀನಾ ಸಂಘಮಿತ್ರಾಳತ್ತ ಕೈ ತೋರಿಸಿದಳು. “ಈ ಮೇಡಂ ತೆಗೀಲಿ. ಲ್ಯಾಬಿನ ತಪ್ಪು ಅಂದಿದ್ದು ಇವರೇ ಆದ್ರೂ, ಇವರಿಗೆ ಮಳಿಗೇನೂ ಇಲ್ಲ, ಲ್ಯಾಬೂ ಇಲ್ಲ.”

ಸಂಘಮಿತ್ರಾ ತಲೆಯಾಡಿಸಿದಳು. “ಅಳತೆ ತೆಗೆಯುವಾಗ ಓಕರಿಕೆ ಬರುತ್ತೆ. ಪೇಷೆಂಟಿಗೆ ಮುಜುಗರ. ಗಂಡಸರು ಮೂರು ನಿಮಿಷ ಆಚೆ ಇರಿ. ಫೋನೂ ಆಚೆ.”

ಮಾತು ಸರಿಯಾಗೇ ಇತ್ತು. ಗಣೇಶ ಹೋದ, ಅವನ ಹಿಂದೆ ಡಾಕ್ಟರು. ಮಸುಕು ಗಾಜಿನ ಬಾಗಿಲು ಮುಚ್ಚಿತು.

ರುಬೀನಾ ಅಳತೆ ತೆಗೆಯುವ ಗುಲಾಬಿ ಪುಡಿಗೆ ನೀರು ಹಾಕಿ ಗರಗರ ಕಲಸಿದಳು. ಸಂಘಮಿತ್ರಾ ಅದನ್ನು ಅಳತೆಯ ತಟ್ಟೆಗೆ ತುಂಬಿ ಹೆಂಗಸಿನ ಮೇಲ್ದವಡೆಗೆ ಒತ್ತಿ ಹಿಡಿದಳು. ಇನ್ನು ಮೂರು ನಿಮಿಷ ಆ ಬಾಯಿಂದ ಮಾತು ಬರುವಂತಿಲ್ಲ.

ಮಾತು ಬರದ ಆ ಹೊತ್ತಿಗೇ ಕಾದಿದ್ದಳೋ ಏನೋ. ಹಸಿರು ಬಟ್ಟೆಯ ಕೆಳಗಿನಿಂದ ಒಂದು ಕೈ ಬಂದು ರುಬೀನಾಳ ಮಣಿಕಟ್ಟು ಹಿಡಿಯಿತು.

ಐಸಿನಂತೆ ತಣ್ಣಗಿತ್ತು. ಇನ್ನೊಂದು ಕೈ ಅವಳ ಕುರ್ತಾ ಜೇಬಿನಿಂದ, ಅಚ್ಚಿನ ಮೇಲೆ ಗುರುತು ಹಾಕುವ ನೀಲಿ ಪೆನ್ಸಿಲನ್ನು ಮೆಲ್ಲಗೆ ಎಳೆದುಕೊಂಡಿತು.

ರುಬೀನಾ ಅಲುಗಲಿಲ್ಲ. ಸಂಘಮಿತ್ರಾ ಗಡಿಯಾರ ನೋಡುತ್ತಿದ್ದಳು. ಬಟ್ಟೆಯ ಕೆಳಗೆ, ಅಂಗೈಯ ಮೇಲೆ, ಪೆನ್ಸಿಲಿನ ಮೊನೆ ಒಂದೊಂದೇ ಅಕ್ಷರ ಕೊರೆಯಿತು. ಕೊರೆದು ಮುಗಿಸಿ ಅವಳ ಬೆರಳುಗಳನ್ನು ತಾನೇ ಮಡಿಸಿತು.

ರುಬೀನಾ ಪುಡಿಯ ಡಬ್ಬ ಮುಚ್ಚುವ ನೆಪದಲ್ಲಿ ಆ ಕಡೆ ತಿರುಗಿ ಅಂಗೈ ಬಿಚ್ಚಿದಳು.

‘ಭವಾನಮ್ಮ ಬದುಕಿದಾರೆ. ಹೊಳಲೂರು. ಸಂಜೆ ಸಾಗಿಸ್ತಾರೆ.’

ಹೊಳಲೂರು. ಹೊಳೆ ದಂಡೆಯ ಮನೆ. ಇಂಗ್ಲೆಂಡಿಗೆ ಹೋಗಿ ಬಂದರೆಂದು ಎಲ್ಲರೂ ತಿಳಿದಿದ್ದ ಹೆಂಗಸು, ನಾಲ್ಕು ತಿಂಗಳಿಂದ, ಇಲ್ಲೇ ಅರ್ಧ ಗಂಟೆಯ ದಾರಿಯಲ್ಲಿ.

“ಆಯ್ತು,” ಎಂದಳು ಸಂಘಮಿತ್ರಾ. ಪಚಕ್ಕೆಂದು ತಟ್ಟೆ ಹೊರಗೆ ಬಂತು. ಗುಲಾಬಿ ಅಚ್ಚಿನಲ್ಲಿ ಅಂಗುಳದ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ದೂರದಿಂದಲೇ ಕಾಣುತ್ತಿತ್ತು, ಕವಲಿರಲಿಲ್ಲ.

ಗೆದ್ದಿದ್ದಳು. ಆದರೆ ಆ ಗುಲಾಬಿ ಅಚ್ಚು ಕಾಯುವ ವಸ್ತುವಲ್ಲ. ಕಾಲು ಗಂಟೆಯಲ್ಲಿ ಅದರೊಳಗೆ ಪ್ಲಾಸ್ಟರ್ ಎರೆಯದಿದ್ದರೆ ಒಣಗಿ ಕುಗ್ಗುತ್ತದೆ, ಆಮೇಲೆ ಸಾಕ್ಷಿ ಸಾಕ್ಷಿಯಲ್ಲ. ಎರೆಯುತ್ತ ಕೂತರೆ ಅಬ್ಬನ ಬೋರ್ಡು ಉಳಿಯುತ್ತದೆ. ಹೊಳಲೂರಿಗೆ ಓಡಿದರೆ ಒಂದು ಜೀವ ಉಳಿದೀತು.

ಬೋರ್ಡು ಇನ್ನೊಂದು ದಿನ ವಾರೆಯಾಗಿ ನೇತಾಡಲಿ.

“ಮೇಡಂ, ಒಂದು ಉಪಕಾರ ಮಾಡಿ. ಒದ್ದೆ ಹತ್ತಿ ಸುತ್ತಿ ಅದನ್ನ ನಿಮ್ಮ ಹತ್ರಾನೇ ಇಟ್ಕೊಳ್ಳಿ. ಡಾಕ್ಟರಿಗೂ ಕೊಡಬೇಡಿ. ನಾನು ಈಗ ಬಂದೆ.”

“ಹೋಗಿ ಬನ್ನಿ, ನಾನಿದೀನಲ್ಲ,” ಸಂಘಮಿತ್ರಾ ನಕ್ಕಳು.

ಕುರ್ಚಿಯ ಹೆಂಗಸು ಬಾಯಲ್ಲಿದ್ದ ಗುಲಾಬಿ ಚೂರುಗಳನ್ನು ಉಗಿದಳು. ಆ ರೂಮಿಗೆ ಬಂದ ಮೇಲೆ ಮೊದಲ ಸಲ ಮಾತಾಡಿದಳು. ಅಚ್ಚ ಊರಿನ ದನಿ. ಇಂಗ್ಲಿಷಿಲ್ಲ, ಇಂಗ್ಲೆಂಡಿಲ್ಲ.

“ಅವಳ ಕೈಗೆ ಕೊಡಬೇಡ ಮಗಾ. ನನ್ನ ಹಲ್ಲು ಕಿತ್ತಿದ್ದೇ ಅವಳು.”

ರುಬೀನಾ ತಿರುಗಿದಳು.

ಸಂಘಮಿತ್ರಾ ಗಾಜಿನ ಬಾಗಿಲಿನ ಚಿಲಕ ಹಾಕುತ್ತಿದ್ದಳು. ಬಿಳಿ ಕೋಟಿನ ತೋಳು, ಮೊಣಕೈಯ ಹತ್ತಿರ, ಹಳದಿ ಪುಡಿ. ಚೂರು ಬಾಚಿದ್ದರೆ ಪುಡಿ ಬೆರಳಿಗಾಗಬೇಕು. ಅಚ್ಚಿಗೆ ಮೊಣಕೈ ಕೊಟ್ಟು ತಳ್ಳಿದವರಿಗೆ ಮಾತ್ರ ಅಲ್ಲಿ ಆಗುತ್ತದೆ.

“ಅಂಗೈ ತೋರಿಸು,” ಎಂದಳು ಅವಳು, ತೀರ ಮೆಲ್ಲಗೆ. ಎಡಗೈಯಲ್ಲಿ ತಟ್ಟೆ. ಹೆಬ್ಬೆರಳು ಗುಲಾಬಿ ಅಚ್ಚಿನ ಮೇಲೆ, ಗೆರೆಗಳಿರುವ ಜಾಗದಲ್ಲೇ. “ಇವಳು ಏನು ಬರೆದ್ಲು ತೋರಿಸು. ಎಲ್ಲೀತನಕ ಗೊತ್ತಾಗಿದೆ ಅಂತ ನನಗೆ ತಿಳೀಬೇಕು. ತೋರಿಸಿದ್ರೆ ಈ ಅಚ್ಚು ನಿಂದು, ನಿಮ್ಮಪ್ಪನ ಹೆಸರೂ ನಿಂದು. ಇಲ್ಲಾಂದ್ರೆ ಒತ್ತಿಬಿಡ್ತೀನಿ.”

ರುಬೀನಾ ಮುಷ್ಟಿಯನ್ನು ಮುಖದ ಹತ್ತಿರ ತಂದಳು. ಬಿಚ್ಚಿದಳು. ಅಂಗೈಯನ್ನು ಈ ತುದಿಯಿಂದ ಆ ತುದಿಯವರೆಗೆ ನಾಲಗೆಯಿಂದ ನೆಕ್ಕಿ, ಕುರ್ತಾಗೆ ಒರೆಸಿ, ನೀಲಿ ನಾಲಗೆ ಪೂರ್ತಿ ಹೊರಗೆ ಹಾಕಿ ತೋರಿಸಿದಳು.

“ಒತ್ತು ಮಾರಾಯ್ತಿ. ಗೆರೆ ಆ ಗುಲಾಬೀಲಿಲ್ಲ, ಇವರ ಬಾಯಲ್ಲಿದೆ. ನೂರು ಸಲ ಬೇಕಾದ್ರೂ ಎರೀತೀನಿ.”

ಹೆಬ್ಬೆರಳು ಇಳಿಯಿತು. ಅಚ್ಚು ಪಿಚಕ್ಕನೆ ಕುಸಿಯಿತು.

ಹೊರಗೆ ಗಣೇಶ ಬಾಗಿಲು ಬಡಿಯತೊಡಗಿದ. “ಏನಾಯ್ತು? ಚಿಲಕ ಯಾಕೆ ಹಾಕಿದ್ರಿ?”

ಸಂಘಮಿತ್ರಾ ಅತ್ತ ನೋಡಲೂ ಇಲ್ಲ. ಬಲಗೈಯಿಂದ ಫೋನ್ ತೆಗೆದು ಕಿವಿಗಿಟ್ಟಳು. ರುಬೀನಾಳ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದಳು:

“ಸಂಜೆಗಲ್ಲ. ಅವರನ್ನ ಈಗ್ಲೇ ಕಾರು ಹತ್ತಿಸು.”